ಅಪ್ಪನ ಕಿಸೆದಾಗಿನ ಗುಳಿಗಿ

ಹೋದ ವರ್ಷ ಮಾರ್ಚ್ ತಿಂಗಳದಾಗ ಅಪ್ಪನ ಅಂಗಿ ಒಗ್ಯಾಕ ಹಾಕೋಮುಂದ ಕಿಸೆದಾಗ ನೋವಿನ ಗುಳಿಗಿ ಪಟ್ಟಿ ಸಿಕ್ತು, ಹತ್ತರಾಗ ಏಳು ಖಾಲಿ. ಅಪ್ಪಗ 64 ವರ್ಷ, ತಿಕೋಟಾ ಕಡೆ ನಮ್ದು ಎರಡು ಎಕರೆ ದ್ರಾಕ್ಷಿ ತ್ವಾಟ ಐತಿ, ಕಟಾವು ಟೈಮಿನ್ಯಾಗ ದಿನಪೂರ್ತಿ ನಿಂತು ನಿಂತು ಮೊಣಕಾಲು ಹಿಡೀತಾವ, ಸಂಜಿಕ ಅಂಗಡಿಯಿಂದ ಒಂದು ಗುಳಿಗಿ ತಗೊಂಡ್ರ ಮರುದಿನ ಮತ್ತ ಎದ್ದು ಹೋಗ್ತಾನ. ಎಷ್ಟು ದಿನದಿಂದ ತಗೋಳಾಕತ್ತಿ ಅಪ್ಪಾ ಅಂದೆ. "ಐದಾರು ವರ್ಷಾತು ಯವ್ವಾ, ದಿನಾ ಏನಿಲ್ಲ, ನೋವಾದಾಗಷ್ಟ" ಅಂದ. ಆ ನೋವು ದಿನಾ ಇರ್ತಿತ್ತು ಅನ್ನೋದು ನಂಗೂ ಗೊತ್ತಿತ್ತು, ಕೇಳಿರಲಿಲ್ಲ ಅಷ್ಟ.

ಅವ್ವ ಆಗ ಇನ್ನೊಂದು ಮಾತು ಹೇಳಿದ್ಲು, ಬಚ್ಚಲದಾಗ ಅಪ್ಪ ಒಂದಕ್ಕ ಹೋಗಿ ಬಂದ ಮ್ಯಾಲ ಬುರುಗು ಬಾಳೊತ್ತು ಹಂಗ ನಿಂತಿರ್ತೈತಿ, ನೀರು ಹಾಕಿದ್ರೂ ಲಗೂ ಹೋಗೂದಿಲ್ಲ ಅಂತ. ಎರಡನೇ ದಿನ ವಿಜಯಪುರಕ್ಕ ಕರ್ಕೊಂಡು ಬಂದು ರಕ್ತ, ಮೂತ್ರ ಎರಡೂ ಟೆಸ್ಟ್ ಮಾಡಿಸಿದೆ. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗ ಹಾಕಬೇಕಾದ ಕಸ, ಕಿಡ್ನಿ ಸೋತ್ರ ರಕ್ತದಾಗ ಏರ್ತೈತಿ) 1.8, ಇಜಿಎಫ್ಆರ್ 41, ಮೂತ್ರದಾಗ ಅಲ್ಬುಮಿನ್ ಅನ್ನೋ ಪ್ರೊಟೀನ್ 210. ಅಲ್ಬುಮಿನ್ನು 30ರ ಒಳಗ ಇರಬೇಕು. ಇಜಿಎಫ್ಆರ್ ಅಂದ್ರ ಕಿಡ್ನಿ ಒಂದು ನಿಮಿಷಕ್ಕ ಎಷ್ಟು ಸೋಸ್ತೈತಿ ಅನ್ನೋ ಲೆಕ್ಕ, ಗಟ್ಟಿ ಇರೋ ಪ್ರಾಯದವ್ರಿಗೆ 90ರ ಮ್ಯಾಲ ಇರ್ತೈತಿ, ವಯಸ್ಸಾದಂಗ ಸ್ವಲ್ಪ ಇಳೀತೈತಿ, ಆದ್ರ ಮೂರು ತಿಂಗಳ ಮ್ಯಾಲೂ 60ರ ಕೆಳಗ ಉಳೀತು ಅಂದ್ರ ಅದು ಕಿಡ್ನಿ ರೋಗ.

ಡಾಕ್ಟರ್ ಮೇಡಮ್ಮು ಒಂದು ಹಾಳಿ ಮ್ಯಾಲ ಚಿತ್ರ ತಗದು ಅಪ್ಪಗ ಹೇಳಿದ್ರು, ಅದನ್ನ ಇಲ್ಲಿ ಬರೀಬೇಕು ಅಂತ ಅವತ್ತಿಂದ ಮನಸಿನ್ಯಾಗ ಇತ್ತು. ಕಿಡ್ನಿ ಒಂದೊಂದು ನಮ್ಮ ಮುಷ್ಟಿಯಷ್ಟ, ತೂಕ ನೂರೈವತ್ತು ಗ್ರಾಮಿನ ಆಸುಪಾಸು, ಆದ್ರ ಹೃದಯ ದೂಡೋ ರಕ್ತದಾಗ ಐದನೇ ಒಂದು ಪಾಲು ಆ ಎರಡಕ್ಕ ಹೋಗ್ತೈತಿ, ನಿಮಿಷಕ್ಕ ಒಂದು ಲೀಟರ್ ಮ್ಯಾಲ. ಒಂದೊಂದು ಕಿಡ್ನಿಯಾಗ ಹತ್ತು ಲಕ್ಷದ ಹತ್ರ ಹತ್ರ ನೆಫ್ರಾನ್ ಅನ್ನೋ ಸಣ್ಣ ಸಣ್ಣ ಸೋಸೋ ಸಾಮಾನು ಅದಾವ, ಪ್ರತಿ ನೆಫ್ರಾನಿನ ತುದಿಗೆ ಕೂದಲಕಿಂತ ಸಣ್ಣ ರಕ್ತನಾಳಗಳು ಸುತ್ತಿಕೊಂಡು ಒಂದು ಗೊಂಚಲು, ಅದರ ಹೆಸರು ಗ್ಲೊಮೆರುಲಸ್, ಆ ಗೊಂಚಲ ಸುತ್ತ ಒಂದು ಬಟ್ಟಲ. ಆ ಬಟ್ಟಲ ಹೆಂಗೈತಿ ಅಂತ 1842ರಾಗ ಬೌಮನ್ ಅನ್ನೋ ಇಂಗ್ಲೆಂಡಿನ ಡಾಕ್ಟರ್ ಬರದಾರ, ಅದಕ್ಕ ಬೌಮನ್ ಕ್ಯಾಪ್ಸೂಲ್ ಅಂತಾರ. ಇವೆಲ್ಲಾ ಸೇರಿ ದಿನಕ್ಕ 180 ಲೀಟರ್ ಸೋಸ್ತಾವ. ಅಪ್ಪ ಅದನ್ನ ಕೇಳಿ ನಂಬಲಿಲ್ಲ, ನಾವು ದ್ರಾಕ್ಷಿಗೆ ಔಷಧ ಕಲಸೋ ಬ್ಯಾರಲ್ಲು 200 ಲೀಟರದ್ದು, ಹೆಚ್ಚುಕಮ್ಮಿ ಒಂದು ಬ್ಯಾರಲ್ ತುಂಬಷ್ಟು ದಿನಾ ಅಂದ್ರ! ಆದ್ರ ಸೋಸಿದ್ದರಾಗ ನೂರಕ್ಕ 99 ಪಾಲು ಮುಂದಿನ ಸಣ್ಣ ಕೊಳವ್ಯಾಗ ವಾಪಸ್ ರಕ್ತಕ್ಕ ಹೋಗ್ತೈತಿ, ನೀರು, ಉಪ್ಪು, ಸಕ್ಕರಿ ಬೇಕಾದಷ್ಟು ಎಣಿಸಿ ಎಣಿಸಿ ತಗೊಂಡು, ಬ್ಯಾಡಾದ್ದು ಒಂದೂವರೆ ಎರಡು ಲೀಟರ್ ಅಷ್ಟ ಮೂತ್ರ ಆಗಿ ಹೊರಗ ಬರ್ತೈತಿ. ಅಂದ್ರ ಕಸ ಆರಿಸಿ ಒಗಿಯೂದಲ್ಲ, ಎಲ್ಲಾ ಹೊರಗ ಸುರುವಿ ಬೇಕಾದ್ದನ್ನ ಆರಿಸಿ ಒಳಗ ಇಟ್ಕೊಳ್ಳೂದು. ನಂಗ ಇದು ಭಾಳ ಹಿಡಿಸ್ತು.

ಈ ಸೋಸೋ ಕೆಲಸ ನಡಿಯೂದು ಪ್ರೆಶರ್ ಮ್ಯಾಲ. ಗೊಂಚಲಕ್ಕ ಒಂದು ನಾಳ ರಕ್ತ ತರ್ತೈತಿ, ಇನ್ನೊಂದು ಒಯ್ತೈತಿ, ಎರಡೂ ಬೇಕಾದಾಗ ಅಗಲ ಆಗಿ, ಬೇಕಾದಾಗ ಬಿಗಿದು ಒಳಗಿನ ಪ್ರೆಶರ್ ಒಂದ ಹದದಾಗ ಇಡ್ತಾವ. ಅವತ್ತು ವಾಪಸ್ ಬರೋಮುಂದ ಊರಾಗಿನ ಹಳೇ ಗಂಜ್ ಒಂದು ಕಾಣಿಸ್ತು, ಆದಿಲ್‌ಶಾಹಿ ಕಾಲದ ಕಲ್ಲಿನ ನೀರಿನ ಗೋಪುರ. ತೊರವಿ ಕಡೆಯಿಂದ, ಬೇಗಂ ತಲಾಬದಿಂದ ನೆಲದ ಒಳಗಿನ ಕೊಳವ್ಯಾಗ ನೀರು ಬರೋಮುಂದ ಪ್ರೆಶರಿಗೆ ಕೊಳವಿ ಒಡೀಬಾರ್ದು ಅಂತ ನಡುನಡುವ ಈ ಗಂಜ್ ಕಟ್ಟಿದ್ರು, ಅಲ್ಲಿ ನೀರು ಏರಿ ಪ್ರೆಶರ್ ಕಳ್ಕೊಂಡು, ಹೂಳು ಕೆಳಗ ಕೂತು ಮುಂದ ಹೋಗ್ತಿತ್ತು. ಅಪ್ಪಗ ಅದನ್ನ ತೋರಿಸಿ, ನಿನ್ನ ಕಿಡ್ನಿಯಾಗೂ ಹಿಂಗ ಪ್ರೆಶರ್ ಕಾಯೋ ಜಾಗ ಐತಿ, ಅದನ್ನ ಗುಳಿಗಿ ಕೆಡಿಸೈತಿ ಅಂದೆ. ಸುಮ್ನ ನೋಡಿದ.

ಗುಳಿಗಿ ಹೆಂಗ ಕೆಡಸ್ತೈತಿ ಅಂದ್ರ, ಮೈಯಾಗ ನೀರು ಕಡಿಮಿ ಆದಾಗ ರಕ್ತ ತರೋ ನಾಳ ಮುಚ್ಚಬಾರ್ದು ಅಂತ ಪ್ರೊಸ್ಟಾಗ್ಲಾಂಡಿನ್ ಅನ್ನೋ ಮೈಯಾಗ ತಯಾರಾಗೋ ರಾಸಾಯನಿಕ ಅದನ್ನ ತೆರೆದು ಹಿಡೀತೈತಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಅಂಥ ಗುಳಿಗಿ ಮೊಣಕಾಲದಾಗ ಬಾವು ಇಳಿಸೂದು ಅದ ಪ್ರೊಸ್ಟಾಗ್ಲಾಂಡಿನ್ ಕಡಿಮಿ ಮಾಡಿ, ಆದ್ರ ಗುಳಿಗಿಗೆ ಇದು ಮೊಣಕಾಲು ಇದು ಕಿಡ್ನಿ ಅಂತ ಗೊತ್ತಾಗೂದಿಲ್ಲಲ್ಲ, ಅಲ್ಲೂ ಕಡಿಮಿ ಮಾಡ್ತೈತಿ, ನಾಳ ಬಿಗೀತೈತಿ. ನಮ್ಮ ಕಡೆ ಬ್ಯಾಸಗ್ಯಾಗ 40 ಡಿಗ್ರಿ ಬಿಸಲು, ಬೆವರು ಹರಿದು ಮೈ ಒಣಗಿರ್ತೈತಿ, ಅಂಥಾ ಹೊತ್ತಿನ್ಯಾಗ ಈ ಗುಳಿಗಿ ತಗೊಂಡ್ರ ಏಟು ಜಾಸ್ತಿ. ಅದರ ಮ್ಯಾಲ ಅಪ್ಪ ಬಿಪಿಗೆ ತಗೋಳೂದು ಟೆಲ್ಮಿಸಾರ್ಟನ್, ಅದು ಹೊರಗ ಹೋಗೋ ನಾಳ ಸಡಿಲ ಮಾಡ್ತೈತಿ. ಅದೊಂದ ಆದ್ರ ಕಿಡ್ನಿಗೆ ಛಲೋನ, ಗೊಂಚಲ ಮ್ಯಾಲಿನ ಒತ್ತಡ ಇಳೀತೈತಿ. ಆದ್ರ ಬರೋ ನಾಳ ಬಿಗಿದು, ಹೋಗೋ ನಾಳ ಸಡಿಲ ಆಗಿ, ಮೈಯಾಗ ನೀರೂ ಇಲ್ಲ ಅಂದ್ರ ಸೋಸಾಕ ಪ್ರೆಶರ್ ಎಲ್ಲಿಂದ ಬರಬೇಕು? ಅದಕ್ಕ ಬಿಪಿ ಗುಳಿಗಿ ತಾವಾಗೇ ಬಿಡಬ್ಯಾಡ್ರಿ, ಆದ್ರ ವಾಂತಿ ಭೇದಿ ಹತ್ತಿದಾಗ ಡಾಕ್ಟರಿಗೆ ಫೋನ್ ಮಾಡಿ ಕೇಳ್ರಿ, ನೋವಿನ ಗುಳಿಗಿಯಂತೂ ಅಂಗಡಿಯವ ಕೊಟ್ಟ ಅಂತ ತಗೋಬ್ಯಾಡ್ರಿ.

ಬಿಪಿ, ಶುಗರ್ ಕೆಡಿಸೋ ರೀತಿ ಬ್ಯಾರೆ, ನಿಧಾನ. ಗೊಂಚಲದ ಪರದಿಯಾಗ ಅಲ್ಬುಮಿನ್ ಅನ್ನೋ ಪ್ರೊಟೀನ್ ದಾಟಬಾರ್ದು, ಅದರ ಗಾತ್ರಾನೂ ದೊಡ್ಡದು, ಮ್ಯಾಲ ಪರದಿಗೂ ಅದಕ್ಕೂ ಒಂದ ನಮೂನಿ ಋಣ ವಿದ್ಯುತ್ ಇರೂದ್ರಿಂದ ಪರದಿ ಅದನ್ನ ಹಿಂದಕ್ಕ ತಳ್ಳತೈತಿ. ವರ್ಷಗಟ್ಟಲೆ ಶುಗರ್ ಏರಿದ್ರ, ಬಿಪಿ ಏರಿದ್ರ ಪರದಿ ದಪ್ಪ ಆಗ್ತೈತಿ, ಸಂದು ಬೀಳ್ತೈತಿ, ಅಲ್ಬುಮಿನ್ ಸೋರ್ತೈತಿ, ಅದ ಅವ್ವ ನೋಡಿದ ಬುರುಗು. (ಬುರುಗು ಬಂದವ್ರಿಗೆಲ್ಲಾ ಕಿಡ್ನಿ ರೋಗ ಅಂತಲ್ಲ, ಜೋರಾಗಿ ಹೋದ್ರೂ ಬರ್ತೈತಿ, ದಿನಾ ನಿಂತಿತ್ತು ಅಂದ್ರ ಟೆಸ್ಟ್ ಮಾಡಿಸ್ರಿ.) ಇನ್ನೂ ಕೆಟ್ಟ ಮಾತು ಏನಂದ್ರ ನೆಫ್ರಾನ್ ಹೊಸಾವು ಹುಟ್ಟೂದಿಲ್ಲ, ತಾಯಿ ಹೊಟ್ಟ್ಯಾಗ ಇದ್ದಾಗ 36 ವಾರಕ್ಕ ಮುಗೀತು, ಅಷ್ಟ ನಮ್ಮ ಗಂಟು. ಒಂದಿಷ್ಟು ಸತ್ರ ಉಳಿದಾವು ಅವುಗಳ ಪಾಲಿನ ಕೆಲಸಾನೂ ಮಾಡ್ತಾವ, ಆ ಹೊರೆಗೆ ಅವೂ ಸವೀತಾವ. ಅರ್ಧಕ್ಕರ್ಧ ಶಕ್ತಿ ಹೋಗೋತನಕ ಕ್ರಿಯಾಟಿನಿನ್ನು ನಾರ್ಮಲ್ ಅಂತ ತೋರಸ್ಬಹುದು, ನೋವಿಲ್ಲ, ಸುಸ್ತಿಲ್ಲ, ಏನೂ ಗೊತ್ತಾಗೂದಿಲ್ಲ. ಅದಕ್ಕ ಶುಗರ್ ಬಿಪಿ ಇದ್ದವ್ರು ವರ್ಷಕ್ಕೊಮ್ಮಿ ಕ್ರಿಯಾಟಿನಿನ್ ಜೋಡಿ ಮೂತ್ರದ ಅಲ್ಬುಮಿನ್ನೂ ನೋಡಿಸ್ಕೋಬೇಕು, ಮೊದಲು ಕೆಡೂದು ಭಾಳ ಸಲ ಅದ.

ಊಟದ ಮಾತಿಗೆ ಬಂದ್ರ ನಮ್ಮನ್ಯಾಗ ಜಗಳ ಉಪ್ಪಿಂದು. ದಿನಕ್ಕ 5 ಗ್ರಾಮ್ ಒಳಗ, ಅಂದ್ರ ಒಂದು ಸಣ್ಣ ಚಮಚ, ಎಲ್ಲಾ ಸೇರಿ. ರೊಟ್ಟಿಗೆ ಉಪ್ಪು ಇಲ್ಲ ಖರೆ, ಆದ್ರ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಸಂಡಗಿ ಅಷ್ಟೂ ಉಪ್ಪ. ಅವ್ವ ಪಾಪ ಯಾರೋ ಹೇಳಿದ್ರು ಅಂತ ಸೋಡಿಯಮ್ ಕಡಿಮಿ ಇರೋ ಉಪ್ಪು ತಂದಿದ್ಲು, ಮೇಡಮ್ಮು ಅದು ಬ್ಯಾಡ ಅಂದ್ರು, ಅದರಾಗ ಪೊಟ್ಯಾಸಿಯಮ್ ಹಾಕಿರ್ತಾರ, ಕಿಡ್ನಿ ಕೆಟ್ಟವ್ರಿಗೆ ಅದು ರಕ್ತದಾಗ ಏರಿದ್ರ ಹೃದಯಕ್ಕ ಅಪಾಯ. ನೀರು? ನೀರಡಿಕೆ ತಕ್ಕಂಗ, ಬಿಸಲಾಗ ಇದ್ರ ಇನ್ನೊಂದಿಷ್ಟು, ದಿನಕ್ಕ ಐದಾರು ಲೀಟರ್ ಕುಡಿದು ಕಿಡ್ನಿ ತೊಳೀತೀವಿ ಅನ್ನೂದೇನು ಇಲ್ಲ. ಕಿಡ್ನಿ ತೊಳಿಯೋ ಪುಡಿ, ಕಷಾಯ ಅಂತ ಮೊಬೈಲಿನ್ಯಾಗ ಬರ್ತಾವಲ್ಲ, ಅವನ್ನ ನಂಬಿ ಟೈಮ್ ಕಳೀಬ್ಯಾಡ್ರಿ, ಕೈಮುಗಿದು ಹೇಳ್ತೀನಿ.

ಅಪ್ಪ ನೋವಿನ ಗುಳಿಗಿ ಬಿಟ್ಟ. ಮೊಣಕಾಲಿಗೆ ವ್ಯಾಯಾಮ, ಬಿಸಿನೀರಿನ ಶಾಖ, ಭಾಳ ನೋವಾದ್ರ ಮೇಡಮ್ಮು ಬರದ ಅಳತಿಗೆ ಪ್ಯಾರಾಸಿಟಮಾಲ್. ಕಟಾವಿಗೆ ಈಗ ಸ್ಟೂಲ್ ಇಟ್ಕೊಂಡು ಕೂಡ್ತಾನ, ಮೊದಲ ವಾರ ನಾಚ್ಕೊಂಡಿದ್ದ. ನಾಲ್ಕು ತಿಂಗಳಾದ ಮ್ಯಾಲ ಕ್ರಿಯಾಟಿನಿನ್ 1.5, ಇಜಿಎಫ್ಆರ್ 51. ಗುಳಿಗಿ ಬಿಗಿದಿದ್ದು ಸಡಿಲ ಆಗಿದ್ದಕ್ಕ ಅಷ್ಟು ಏರೇತಿ, ಸತ್ತ ನೆಫ್ರಾನ್ ಹೊಳ್ಳಿ ಬಂದಿಲ್ಲ ಅಂತ ಮೇಡಮ್ಮು ಬಿಚ್ಚಿ ಹೇಳಿದ್ರು. ಅಪ್ಪ ಆ ರಿಪೋರ್ಟ್ ಮಡಚಿ ಅದ ಅಂಗಿ ಕಿಸೆದಾಗ ಇಟ್ಕೊಂಡ, ಮರುದಿನ ತ್ವಾಟದಾಗ ಬಾಜೂ ಹೊಲದ ಕಾಕಾಗ ತಗದು ತೋರಿಸಾಕತ್ತಿದ್ದ, "ನಿಂದೂ ಒಮ್ಮಿ ನೋಡಿಸ್ಕೊಳ್ಳೋ, ನೀನೂ ಅದ ಗುಳಿಗಿ ನುಂಗ್ತಿ" ಅಂತ.