ಮೆಟಾಲಿಕಾ ಮತ್ತೆ ಕೇಳುವಾಗ: ಹಾಡು ಬೇರೆ, ಸದ್ದು ಬೇರೆ

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಹಳೇ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಮಾತು ಎಲ್ಲಿಗೆ ಬಂದು ನಿಲ್ಲುತ್ತದೆಂದು ಮೊದಲೇ ಹೇಳಿಬಿಡಬಹುದು. 'ಜಸ್ಟಿಸ್' ಆಲ್ಬಂನಲ್ಲಿ ಬೇಸ್ (ಕೆಳಸ್ವರದ ಗಿಟಾರ್) ಕೇಳಿಸುವುದಿಲ್ಲ. 'ಸೇಂಟ್ ಆ್ಯಂಗರ್'ನ ಸ್ನೇರ್ ಡ್ರಮ್ ತಗಡು ಬಡಿದ ಹಾಗಿದೆ. 'ಡೆತ್ ಮ್ಯಾಗ್ನೆಟಿಕ್' ಪೂರ್ತಿ ಕೇಳುವಷ್ಟರಲ್ಲಿ ಕಿವಿ ಸೋಲುತ್ತದೆ. ಮೂರೂ ನಿಜವೇ. ಆದರೆ ಈ ಮೂರು ದೂರುಗಳಲ್ಲಿ ಹಾಡುಗಳ ಸುದ್ದಿಯೇ ಇಲ್ಲ. ರಿಫ್ (ಮರಳಿ ಬರುವ ಗಿಟಾರ್ ಸಾಲು) ಹೇಗಿದೆ, ಪಲ್ಲವಿಗೆ ಯಾವ ದಾರಿಯಿಂದ ಬರುತ್ತದೆ, ಎಂಟು ನಿಮಿಷ ಎಳೆಯುವಷ್ಟು ಸರಕು ಹಾಡಿನಲ್ಲಿದೆಯೇ ಎಂಬುದನ್ನು ಯಾರೂ ಮಾತಾಡಿರುವುದಿಲ್ಲ. ವರ್ಷಗಳ ನಂತರ ಈ ಆಲ್ಬಂಗಳಿಗೆ ಮರಳುವವರು ಮೊದಲು ಮಾಡಬೇಕಾದ ಕೆಲಸ ಹಾಡನ್ನೂ ಸದ್ದನ್ನೂ ಬೇರೆ ಬೇರೆಯಾಗಿ ಬಿಡಿಸಿಕೊಳ್ಳುವುದು. ಅದಕ್ಕೆ ಸ್ವಲ್ಪ ತಯಾರಿ ಬೇಕು.

1983ರ 'ಕಿಲ್ ಎಮ್ ಆಲ್'ನಿಂದ 2023ರ '72 ಸೀಸನ್ಸ್'ವರೆಗೆ ಹನ್ನೊಂದು ಸ್ಟುಡಿಯೋ ಆಲ್ಬಂಗಳು. ಲೂ ರೀಡ್ ಜತೆಗಿನ 'ಲುಲು', ಬೇರೆಯವರ ಹಾಡುಗಳ 'ಗರಾಜ್ ಇಂಕ್.' ಬಿಟ್ಟರೂ ಒಟ್ಟು ಹನ್ನೆರಡು ಗಂಟೆಗೆ ಮೇಲಾಗುತ್ತದೆ. ಇದನ್ನು ಒಂದು ವಾರಾಂತ್ಯದಲ್ಲಿ ಮುಗಿಸಲು ಹೋಗಬೇಡಿ. ಜೋರು ಗಿಟಾರ್ ಒಂದು ಗಂಟೆ ಕೇಳಿದ ಮೇಲೆ ಕಿವಿ ಎತ್ತರದ ಸ್ವರಗಳಿಗೆ ಮಂದವಾಗುತ್ತದೆ. ಆಮೇಲೆ ಹಾಕಿದ ಆಲ್ಬಂ ಸಪ್ಪೆ ಎನಿಸಿದರೆ ತಪ್ಪು ಆಲ್ಬಂನದಲ್ಲ. ದಿನಕ್ಕೊಂದು ಸಾಕು.

ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಈಕ್ವಲೈಜರ್, ಬೇಸ್ ಬೂಸ್ಟ್, ಕ್ರಾಸ್‌ಫೇಡ್ ಆಫ್ ಮಾಡಿ, ವಾಲ್ಯೂಮ್ ನಾರ್ಮಲೈಸೇಶನ್ (ಎಲ್ಲವನ್ನೂ ಒಂದೇ ಜೋರಿಗೆ ತರುವ ಆಯ್ಕೆ) ಮಾತ್ರ ಚಾಲೂ ಇಡಿ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲವನ್ನೂ ಮೈನಸ್ 14 ಲಫ್ಸ್ (ಸದ್ದಿನ ಜೋರಿನ ಅಳತೆ) ಮಟ್ಟಕ್ಕೆ ತರುತ್ತದೆ. ಎರಡು ಧ್ವನಿಮುದ್ರಣಗಳಲ್ಲಿ ಒಂದು ಬರೀ ಒಂದು ಡೆಸಿಬಲ್ ಜೋರಾಗಿದ್ದರೂ ಕಿವಿಗೆ ಅದೇ 'ಚೆನ್ನಾಗಿದೆ' ಅನಿಸುತ್ತದೆ. ಆದ್ದರಿಂದ ಮಟ್ಟ ಸರಿದೂಗಿಸದೆ ಹೋಲಿಸಿದರೆ ಹೋಲಿಕೆಗೆ ಬೆಲೆಯಿಲ್ಲ. ಇನ್ನೊಂದು ಎಚ್ಚರ: ಆಲ್ಬಂ ಅನ್ನು ಅದರ ಕ್ರಮದಲ್ಲೇ ಕೇಳಿ, ಷಫಲ್ ಬೇಡ. ಕ್ರಮದಲ್ಲಿ ಕೇಳಿದರೆ ಇಡೀ ಆಲ್ಬಂಗೆ ಒಂದೇ ಅಳತೆ ಅನ್ವಯಿಸುತ್ತದೆ. ಷಫಲ್‌ನಲ್ಲಿ ಹಾಡು ಹಾಡಿಗೂ ಬೇರೆ ಅಳತೆ, ಆಗ ಮೆದು ಹಾಡಿಗೂ ಅಬ್ಬರದ ಹಾಡಿಗೂ ಇಟ್ಟಿದ್ದ ಅಂತರ ಕೆಡುತ್ತದೆ. ಸ್ವಂತ ಫೈಲ್‌ಗಳಿದ್ದವರು ಇದೇ ಕೆಲಸ ಮಾಡುವ ರೀಪ್ಲೇಗೇನ್ ಬಳಸುವುದಾದರೆ 'ಟ್ರ್ಯಾಕ್' ಬಿಟ್ಟು 'ಆಲ್ಬಂ' ಆರಿಸಬೇಕು, ಕಾರಣ ಇದೇ.

ವಾಲ್ಯೂಮ್ ತೀರಾ ಕಡಿಮೆಯೂ ಬೇಡ. ಸದ್ದು ತಗ್ಗಿದಷ್ಟೂ ನಮ್ಮ ಕಿವಿ ಕೆಳಸ್ವರಗಳನ್ನೇ ಮೊದಲು ಕಳೆದುಕೊಳ್ಳುತ್ತದೆ. ಮೊದಲೇ ತೆಳುವಾದ 'ಜಸ್ಟಿಸ್' ಆಗ ಇನ್ನೂ ತೆಳುವಾಗುತ್ತದೆ. ಹಾಗೆಂದು 85 ಡೆಸಿಬಲ್ ದಾಟಿ ಗಂಟೆಗಟ್ಟಲೆ ಕೇಳುವುದೂ ತರವಲ್ಲ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಕಿವಿಗೆ ಸುರಕ್ಷಿತವಾದ ಅವಧಿ ಅರ್ಧಕ್ಕೆ ಇಳಿಯುತ್ತದೆ.

ಮೊದಲ ಮೂರು ಆಲ್ಬಂಗಳಿಗೆ ಒಂದೇ ಉಪಾಯ ಸಾಕು, ಬೇಸ್ ನುಡಿಸಿದ ಕ್ಲಿಫ್ ಬರ್ಟನ್ ಹಿಂದೆ ಹೋಗಿ. 'ಕಿಲ್ ಎಮ್ ಆಲ್'ನಲ್ಲಿ ಅವರದೇ ಬೇಸ್ ಸೋಲೋ ಇದೆ, ಅದು ಎಲ್ಲರಿಗೂ ಗೊತ್ತು. 'ರೈಡ್ ದ ಲೈಟ್ನಿಂಗ್'ನ 'ಫಾರ್ ಹೂಮ್ ದ ಬೆಲ್ ಟೋಲ್ಸ್' ಶುರುವಿನಲ್ಲಿ ಮೇಲೆ ಕೊರೆಯುವ ಆ ಸ್ವರಗಳನ್ನು ಗಿಟಾರ್ ಎಂದೇ ವರ್ಷಗಟ್ಟಲೆ ನಂಬಿದವರು ಬಹಳ. ಅದು ಡಿಸ್ಟಾರ್ಷನ್ ಹಾಕಿ ಸದ್ದು ಒರಟಾಗಿಸಿದ ಬೇಸ್. 'ಮಾಸ್ಟರ್ ಆಫ್ ಪಪೆಟ್ಸ್'ನ ಕೊನೆಯ ಹಾಡು 'ಡ್ಯಾಮೇಜ್, ಇಂಕ್.' ಆರಂಭದ ತೇಲುವ ನಾದವೂ ಬೇಸೇ. ಅದೇ ಆಲ್ಬಂನ 'ಓರಿಯನ್' ಬಗ್ಗೆ ಹೇಳುವುದೇ ಬೇಡ. ಬರ್ಟನ್ 1986ರ ಸೆಪ್ಟೆಂಬರ್ 27ರಂದು ಸ್ವೀಡನ್‌ನಲ್ಲಿ ಬಸ್ ಮಗುಚಿ ತೀರಿಕೊಂಡರು. 'ಓರಿಯನ್' ಅನ್ನು ಬ್ಯಾಂಡ್ ವೇದಿಕೆಯ ಮೇಲೆ ಪೂರ್ತಿಯಾಗಿ ನುಡಿಸಲು 2006ರವರೆಗೆ ಕಾಯಬೇಕಾಯಿತು.

ಗಿಟಾರ್ ಹಿಡಿದು ಜತೆಗೆ ನುಡಿಸುವವರಿಗೊಂದು ಮಾತು. 'ರೈಡ್ ದ ಲೈಟ್ನಿಂಗ್'ನ ಶ್ರುತಿ ಸಾಮಾನ್ಯ 440 ಹರ್ಟ್ಸ್‌ಗಿಂತ ಕೊಂಚ ಮೇಲಿದೆ. ಟ್ಯೂನರ್ ಸರಿ ಎಂದರೂ ಹಾಡಿನ ಜತೆ ಹೊಂದದಿದ್ದರೆ ಗಿಟಾರನ್ನು ದೂರಬೇಡಿ. ಆಲ್ಬಂ ಅನ್ನೇ ಕೇಳುತ್ತ ಕಿವಿಯಿಂದ ತಂತಿ ಏರಿಸಿಕೊಳ್ಳಿ.

ಎಲ್‌ಪಿ ತಟ್ಟೆಯಲ್ಲಿ ಕೇಳುವವರಿಗೆ 'ಮಾಸ್ಟರ್' ಒಂದು ಪರೀಕ್ಷೆ. ಸುಮಾರು 55 ನಿಮಿಷವನ್ನು ಒಂದೇ ತಟ್ಟೆಗೆ ತುರುಕಿದ್ದಾರೆ, ಬದಿಗೆ ಸುಮಾರು 27 ನಿಮಿಷ. ಅಷ್ಟು ಹಿಡಿಸಬೇಕೆಂದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಸದ್ದಿನ ಮಟ್ಟ ಇಳಿಸಬೇಕು. ಸಾಲದ್ದಕ್ಕೆ ತಟ್ಟೆಯ ಒಳಸುತ್ತಿಗೆ ಬಂದಂತೆ ಮುಳ್ಳಿನ ಕೆಳಗೆ ಹಾಯುವ ಗೆರೆಯ ವೇಗ ಕಡಿಮೆಯಾಗಿ ಎತ್ತರದ ಸ್ವರಗಳು ಒಡೆಯುತ್ತವೆ. ಎರಡೂ ಬದಿಯ ಕೊನೆಯಲ್ಲಿರುವ 'ಸ್ಯಾನಿಟೇರಿಯಂ' ಮತ್ತು 'ಡ್ಯಾಮೇಜ್, ಇಂಕ್.' ಇದಕ್ಕೆ ಬಲಿ. ಅವು ಕರ್ಕಶವಾಗಿ ಕೇಳಿಸಿದರೆ ಮೊದಲು ಮುಳ್ಳು ಸವೆದಿದೆಯೇ, ಕಾರ್ಟ್ರಿಜ್ ನೇರವಾಗಿ ಕೂತಿದೆಯೇ ನೋಡಿ. ಎರಡೂ ಸರಿಯಿದ್ದರೆ ಅದು ತಟ್ಟೆಯ ಮಿತಿ. ಎರಡು ತಟ್ಟೆಗಳಿಗೆ ಹರಡಿದ 45 ಆರ್‌ಪಿಎಂ ಆವೃತ್ತಿ ಸಿಕ್ಕರೆ ವ್ಯತ್ಯಾಸ ಎದ್ದು ಕೇಳಿಸುತ್ತದೆ.

ಇನ್ನು 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್'. ಇಲ್ಲಿ ನಿಧಾನವಾಗಿ ನಿಲ್ಲಬೇಕು.

ಬರ್ಟನ್ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ಬೇಸ್ ನುಡಿಸಿದ್ದಾರೆ, ಚೆನ್ನಾಗಿಯೇ ನುಡಿಸಿದ್ದಾರೆ. ಅದನ್ನು ತಗ್ಗಿಸಲು ಹೇಳಿದ್ದು ಬ್ಯಾಂಡಿನವರೇ ಎಂದು ಮಿಕ್ಸ್ ಮಾಡಿದ (ವಾದ್ಯಗಳ ಸದ್ದನ್ನು ಹೊಂದಿಸಿ ಸೇರಿಸಿದ) ಸ್ಟೀವ್ ಥಾಂಪ್ಸನ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಆದರೆ ಬರೀ ಬೇಸಿನ ಮಟ್ಟ ಇಳಿಸಿದ್ದರಿಂದ ಆದದ್ದಲ್ಲ ಇದು. ಬಹುಪಾಲು ಕಡೆ ಬೇಸ್ ಗಿಟಾರಿನ ರಿಫ್ಫನ್ನೇ ಒಂದು ಸ್ಥಾಯಿ ಕೆಳಗೆ ಹಿಂಬಾಲಿಸುತ್ತದೆ. ಗಿಟಾರಿನ ದಪ್ಪ ತಂತಿ 82 ಹರ್ಟ್ಸ್, ಬೇಸಿನದು 41. ಹಾಡುಗಾರ, ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ತಮ್ಮ ಗಿಟಾರಿನಲ್ಲಿ ನಡುವಣ ಸ್ವರಗಳನ್ನು ಕಡಿದು, ಕೆಳಗನ್ನೂ ಮೇಲನ್ನೂ ಉಬ್ಬಿಸಿದ್ದರು. ಹೀಗೆ ಉಬ್ಬಿದ ಕೆಳಭಾಗ ಬೇಸ್ ಕೂರಬೇಕಾದ ಜಾಗದಲ್ಲೇ ಕೂತಿತು. ಡ್ರಮ್ಸ್‌ನ ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಕೂಡ ದಪ್ಪ ಕಳೆದುಕೊಂಡು ಟಕ್ ಟಕ್ ಎನ್ನುತ್ತದೆ. ಎಲ್ಲಕ್ಕೂ ಪ್ರತಿಧ್ವನಿ ಕಡಿಮೆ, ಒಣ ಸದ್ದು.

ಅದಕ್ಕೇ ಈಕ್ವಲೈಜರ್‌ನಲ್ಲಿ 60-80 ಹರ್ಟ್ಸ್ ಏರಿಸಿ ಬೇಸ್ ತರಿಸುತ್ತೇನೆ ಎಂದು ಹೊರಟವರಿಗೆ ನಿರಾಸೆಯಾಗುತ್ತದೆ. ಮೇಲೆ ಬರುವುದು ಗಿಟಾರಿನ ಪಾಮ್ ಮ್ಯೂಟ್‌ನ (ಅಂಗೈಯಿಂದ ತಂತಿ ಒತ್ತಿ ನುಡಿಸುವ) ಗುದ್ದು ಮತ್ತು ಕಿಕ್, ಬೇಸ್ ಅಲ್ಲ. ಬದಲಿಗೆ, ಈ ಆಲ್ಬಂಗೆ ಮಾತ್ರ ಈಕ್ವಲೈಜರ್ ಹಾಕಿ, 4-5 ಕಿಲೋಹರ್ಟ್ಸ್‌ನಿಂದ ಮೇಲಿನದನ್ನು ಎರಡು ಮೂರು ಡೆಸಿಬಲ್ ಇಳಿಸಿ. ಚುಚ್ಚುವಿಕೆ ಕಡಿಮೆಯಾಗಿ ಕೆಳಗೆ ಇರುವಷ್ಟಾದರೂ ಕಿವಿಗೆ ಬೀಳುತ್ತದೆ. 2018ರ ರಿಮಾಸ್ಟರ್‌ನಲ್ಲೂ ಬೇಸ್ ಬರಲಿಲ್ಲವೆಂದು ಕೊರಗುವವರು ಗಮನಿಸಬೇಕು: ರಿಮಾಸ್ಟರ್ ಎಂದರೆ ಮಿಕ್ಸ್ ಆಗಿ ಮುಗಿದ ಟೇಪನ್ನು ಹದಗೊಳಿಸುವುದಷ್ಟೇ. ವಾದ್ಯವಾದ್ಯವನ್ನು ಬೇರ್ಪಡಿಸಿ ಮತ್ತೆ ಜೋಡಿಸಿದರೆ ಅದು ರಿಮಿಕ್ಸ್, ಅದನ್ನು ಬ್ಯಾಂಡ್ ಮಾಡಿಲ್ಲ.

ಈ ಹಾಡುಗಳಲ್ಲಿ ಬೇಸ್ ಇದ್ದಿದ್ದರೆ ಹೇಗಿರುತ್ತಿತ್ತು ಎಂಬುದಕ್ಕೆ ಬೇರೆ ದಾರಿಯಿದೆ. 1993ರಲ್ಲಿ ಬಂದ 'ಲೈವ್ ಶಿಟ್: ಬಿಂಜ್ ಆ್ಯಂಡ್ ಪರ್ಜ್' ಪೆಟ್ಟಿಗೆಯಲ್ಲಿ 1989ರ ಸಿಯಾಟಲ್ ಕಾರ್ಯಕ್ರಮದ ವಿಡಿಯೋ ಇದೆ. ಅದರ ಮೊದಲ ಹಾಡು 'ಬ್ಲ್ಯಾಕನ್ಡ್', ರಚನೆಯಲ್ಲಿ ನ್ಯೂಸ್ಟೆಡ್‌ಗೂ ಪಾಲಿರುವ ಹಾಡು. ಮೊದಲು ಅದನ್ನು ಕೇಳಿ, ಕೂಡಲೇ ಆಲ್ಬಂನಲ್ಲಿರುವುದನ್ನು ಕೇಳಿ. ಎರಡನೆಯದರಲ್ಲೂ ಬೇಸ್ ಎಲ್ಲಿರಬೇಕೋ ಅಲ್ಲಿ ಮನಸ್ಸೇ ತುಂಬಿಕೊಳ್ಳತೊಡಗುತ್ತದೆ. ಸದ್ದಿನ ಜಗಳ ಹಿಂದೆ ಸರಿದ ಮೇಲೆ ತಿಳಿಯುವುದು, ಇದು ಅವರ ಅತ್ಯಂತ ಜಟಿಲ ಕಟ್ಟಡಗಳ ಆಲ್ಬಂ. 'ದ ಫ್ರೇಡ್ ಎಂಡ್ಸ್ ಆಫ್ ಸ್ಯಾನಿಟಿ'ಯನ್ನು ವೇದಿಕೆಯಲ್ಲಿ ಪೂರ್ತಿ ನುಡಿಸಿದ್ದು 2014ರಲ್ಲಿ, ಆಲ್ಬಂ ಬಂದು ಇಪ್ಪತ್ತಾರು ವರ್ಷಕ್ಕೆ. ಕೇಳಿದರೆ ಯಾಕೆಂದು ಅರ್ಥವಾಗುತ್ತದೆ.

1991ರ ಬ್ಲ್ಯಾಕ್ ಆಲ್ಬಂ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದರ ಸದ್ದಿನ ಬಗ್ಗೆ ಜಗಳವೇ ಇಲ್ಲ. ನಿರ್ಮಾಪಕ ಬಾಬ್ ರಾಕ್ ಬೇಸಿಗೆ ಜಾಗ ಬಿಟ್ಟರು, ಡ್ರಮ್ಸ್‌ಗೆ ಉಸಿರು ಕೊಟ್ಟರು. 'ಸ್ಯಾಡ್ ಬಟ್ ಟ್ರೂ' ಭಾರ ಅನಿಸುವುದಕ್ಕೆ ಗತಿ ನಿಧಾನವಾಗಿರುವುದು ಒಂದು ಕಾರಣ, ಶ್ರುತಿಯನ್ನು ಡಿ ಸ್ವರಕ್ಕೆ ಇಳಿಸಿರುವುದು ಇನ್ನೊಂದು. ಹೊಸ ಹೆಡ್‌ಫೋನ್ ಪರೀಕ್ಷಿಸಲು ಈ ಹಾಡು ಇವತ್ತಿಗೂ ಸರಿಯಾದ ಆಯ್ಕೆ.

'ಲೋಡ್' (1996) ಮತ್ತು 'ರೀಲೋಡ್' (1997) ಮರುಕೇಳ್ವೆಯಲ್ಲಿ ಅತಿ ಹೆಚ್ಚು ಲಾಭ ಕೊಡುವ ಜೋಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕೂದಲು ಕತ್ತರಿಸಿದರು, ಥ್ರ್ಯಾಶ್ ಎಂಬ ವೇಗದ ಮೆಟಲ್ ಶೈಲಿ ಬಿಟ್ಟರು ಎಂಬ ಸಿಟ್ಟು ಈಗ ಹಳತಾಯಿತು. ಕಿವಿಯಿಂದಲೇ ತೀರ್ಪು ಕೊಡಬಹುದು. ಹೆಡ್‌ಫೋನ್ ಹಾಕಿ ಎಡ ಮತ್ತು ಬಲ ಕಿವಿಯನ್ನು ಸರದಿಯಂತೆ ಮುಚ್ಚಿ ನೋಡಿ. ಇದಕ್ಕೆ ಹಿಂದಿನ ಆಲ್ಬಂಗಳಲ್ಲಿ ರಿದಮ್ ಗಿಟಾರ್ (ರಿಫ್ ನುಡಿಸುವ ಗಿಟಾರ್) ಎಲ್ಲ ಹೆಟ್‌ಫೀಲ್ಡ್ ಒಬ್ಬರದೇ, ಒಂದೇ ಭಾಗವನ್ನು ಮತ್ತೆ ಮತ್ತೆ ನುಡಿಸಿ ಎರಡೂ ಕಡೆ ಗೋಡೆಯಂತೆ ನಿಲ್ಲಿಸಿದ್ದರು. 'ಲೋಡ್'ನಿಂದ ಸೋಲೋ ಗಿಟಾರಿನ ಕರ್ಕ್ ಹ್ಯಾಮೆಟ್ ಕೂಡ ರಿದಮ್ ನುಡಿಸುತ್ತಾರೆ. ಒಂದು ಕಿವಿಯಲ್ಲಿ ಬಿಗಿಯಾದ ಕೈ, ಇನ್ನೊಂದರಲ್ಲಿ ಸಡಿಲವಾದ ಕೈ. ಶ್ರುತಿಯೂ ಅರ್ಧ ಸ್ವರ ಕೆಳಗಿಳಿದು ತಂತಿಗಳು ಮೆತ್ತಗಾಗಿವೆ. 'ಬ್ಲೀಡಿಂಗ್ ಮಿ' ನಡುವಿನಲ್ಲಿ ಹಾಡು ಮೈಮುರಿದು ಏಳುವುದು ಈ ಸಡಿಲಿನಿಂದಲೇ ಸಾಧ್ಯವಾಗಿದೆ.

'ಲೋಡ್' ಸುಮಾರು 79 ನಿಮಿಷವಿದೆ, ಸಿ.ಡಿ. ಹಿಡಿಯುವಷ್ಟೂ ತುಂಬಿದ್ದಾರೆ. ಇದಕ್ಕಾಗಿ ಕೊನೆಯ ಹಾಡು 'ದಿ ಔಟ್‌ಲಾ ಟಾರ್ನ್'ನ ಬಾಲದಿಂದ ಸುಮಾರು ಒಂದು ನಿಮಿಷ ಕತ್ತರಿಸಬೇಕಾಯಿತು. ಪೂರ್ತಿ ರೂಪ 'ದ ಮೆಮೊರಿ ರಿಮೇನ್ಸ್' ಸಿಂಗಲ್‌ನಲ್ಲಿ ಬಂತು, ಹತ್ತೂಮುಕ್ಕಾಲು ನಿಮಿಷದ್ದು. ಇವತ್ತು ಆಲ್ಬಂ ಮುಗಿಸುವಾಗ ಅದನ್ನೇ ಹಾಕಿ. ಕೊನೆಯ ವಾದ್ಯಭಾಗ ಹಠಾತ್ತಾಗಿ ಕರಗದೆ ತನ್ನ ಪಾಡಿಗೆ ತಾನು ದಣಿದು ನಿಲ್ಲಬೇಕು, ಆಗಲೇ ಹಾಡಿಗೆ ನ್ಯಾಯ. ಎರಡೂ ಆಲ್ಬಂಗಳ ಹಾಡುಗಳು ಒಂದೇ ಕಾಲದಲ್ಲಿ ಹುಟ್ಟಿದವು, ಜೋಡಿ ಆಲ್ಬಂ ಮಾಡುವ ಯೋಚನೆಯೂ ಇತ್ತು. ಹಾಗಾಗಿ ಇಪ್ಪತ್ತೇಳು ಹಾಡುಗಳಿಂದ ಒಂದು ಗಂಟೆಯದೊಂದು ಆಲ್ಬಂ ಆರಿಸಿಕೊಳ್ಳುವುದು ಅಭಿಮಾನಿಗಳ ಹಳೇ ಅಭ್ಯಾಸ. 'ಅಂಟಿಲ್ ಇಟ್ ಸ್ಲೀಪ್ಸ್', 'ಕಿಂಗ್ ನಥಿಂಗ್', 'ಬ್ಲೀಡಿಂಗ್ ಮಿ', 'ಡೆವಿಲ್ಸ್ ಡಾನ್ಸ್', 'ಲೋ ಮ್ಯಾನ್ಸ್ ಲಿರಿಕ್', 'ಫಿಕ್ಸರ್', 'ದಿ ಔಟ್‌ಲಾ ಟಾರ್ನ್' ಇಷ್ಟನ್ನು ಬುಡವಾಗಿಟ್ಟು ಉಳಿದದ್ದನ್ನು ನೀವು ಸೇರಿಸಿ.

2003ರ 'ಸೇಂಟ್ ಆ್ಯಂಗರ್' ಆಲ್ಬಂ ಸಮಸ್ಯೆ ಸ್ನೇರ್ ಒಂದೇ ಅಲ್ಲ. ಡ್ರಮ್ ವಾದಕ ಲಾರ್ಸ್ ಉಲ್ರಿಕ್ ಸ್ನೇರ್ ಡ್ರಮ್ಮಿನ ಕೆಳಗಿನ ತಂತಿಜಾಲವನ್ನು ಸಡಿಲ ಬಿಟ್ಟಿದ್ದರಿಂದ 'ಚರ್' ಬದಲು 'ಠಣ್' ಬಂತು, ಅದು ಎಲ್ಲರಿಗೂ ಗೊತ್ತು. ಹಾಡುಗಳು ಉದ್ದ, ಸೋಲೋ ಇಲ್ಲ, ಒಂದೇ ಭಾಗ ಮರಳಿ ಮರಳಿ ಬರುತ್ತದೆ. ಇದು ರಚನೆಯದೇ ಕೊರತೆ, ಯಾವ ಈಕ್ವಲೈಜರೂ ನೀಗಿಸದು. ಎರಡನ್ನೂ ಬೇರೆ ಮಾಡಿ ನೋಡಲು ಆಲ್ಬಂ ಜತೆಗೇ ಕೊಟ್ಟಿದ್ದ ಡಿ.ವಿ.ಡಿ. ಹುಡುಕಿ. ಹೊಸದಾಗಿ ಸೇರಿದ್ದ ರಾಬರ್ಟ್ ಟ್ರುಹಿಯೋ ಬೇಸ್ ಹಿಡಿದು, ಆಲ್ಬಂನ ಎಲ್ಲ ಹಾಡುಗಳನ್ನೂ ಬ್ಯಾಂಡ್ ಅಭ್ಯಾಸದ ಕೋಣೆಯಲ್ಲಿ ನುಡಿಸಿದೆ. (ಆಲ್ಬಂನಲ್ಲಿ ಬೇಸ್ ನುಡಿಸಿದ್ದು ಬಾಬ್ ರಾಕ್.) ಅಲ್ಲಿ ಕೇಳಿದ ಮೇಲೂ ಹಾಡು ಉದ್ದವೆನಿಸಿದರೆ ಅದು ನಿಜವಾಗಿ ಉದ್ದ.

2008ರ 'ಡೆತ್ ಮ್ಯಾಗ್ನೆಟಿಕ್' ಇದಕ್ಕೆ ತದ್ವಿರುದ್ಧ. ಹಾಡುಗಳು ಗಟ್ಟಿ, ಸೋಲೋಗಳು ಮರಳಿವೆ, ಕೆಟ್ಟದ್ದು ಸದ್ದು ಮಾತ್ರ. ಎಷ್ಟು ಜೋರಾಗಿ ತುಂಬಿದ್ದಾರೆಂದರೆ ಅಲೆಗಳ ತುದಿಯೇ ಕತ್ತರಿಸಿಹೋಗಿದೆ. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್, ಮಿಕ್ಸ್‌ಗಳು ತಮ್ಮ ಕೈಗೆ ಬರುವಾಗಲೇ ಹಾಗಿದ್ದವು ಎಂದು ಹೇಳಿದ್ದರು. ನಿಮ್ಮ ಬಳಿಯ ಫೈಲ್ ಪರೀಕ್ಷಿಸಲು ಅದನ್ನು ಆಡಾಸಿಟಿಯಲ್ಲಿ ತೆರೆದು, ವ್ಯೂ ಮೆನುವಿನಲ್ಲಿ ಕ್ಲಿಪ್ಪಿಂಗ್ ತೋರಿಸುವ ಆಯ್ಕೆ ಒತ್ತಿ. ಕೆಂಪು ಗೆರೆಗಳು ಕಂಡರೆ ಅಲ್ಲಿ ಅಲೆ ಮೇಲ್ಮಿತಿಗೆ ಮುಟ್ಟಿದೆ. ಗೆರೆ ಕಾಣದಿದ್ದರೂ ನಿಶ್ಚಿಂತರಾಗಬೇಡಿ. ಕತ್ತರಿಸಿದ ಮೇಲೆ ಒಟ್ಟು ಮಟ್ಟವನ್ನು ಸ್ವಲ್ಪ ಇಳಿಸಿದ್ದರೆ ತಂತ್ರಾಂಶಕ್ಕೆ ಅದು ಸಿಗುವುದಿಲ್ಲ. ಹಿಗ್ಗಿಸಿ ನೋಡಿ, ತುದಿ ದುಂಡಗಿರದೆ ಮಟ್ಟಸವಾಗಿದ್ದರೆ ಕತ್ತರಿಯಾಗಿದೆ. ವಾಲ್ಯೂಮ್ ಇಳಿಸುವುದರಿಂದ ಹೋದ ತುದಿ ಮರಳಿ ಬರುವುದಿಲ್ಲ.

ಇದೇ ಹಾಡುಗಳು 'ಗಿಟಾರ್ ಹೀರೋ' ಆಟಕ್ಕಾಗಿ ಬೇರೆಯಾಗಿ ತಯಾರಾಗಿದ್ದವು, ಅವುಗಳಲ್ಲಿ ಈ ಒತ್ತಡವಿರಲಿಲ್ಲ. ಅಭಿಮಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದ್ದರಿಂದಲೇ ದೊಡ್ಡ ಗಲಾಟೆಯಾಯಿತು. 2015ರಲ್ಲಿ ಐಟ್ಯೂನ್ಸ್‌ಗೆಂದು ಮಾಡಿದ ಮಾಸ್ಟರ್ ಮೂಲ ಸಿ.ಡಿ.ಗಿಂತ ಮೇಲು. ಸಿ.ಡಿ. ಮಾತ್ರ ಇದ್ದವರು ಎರಡು ಕಂತಿನಲ್ಲಿ ಕೇಳಿ, ಐದು ಹಾಡು ಇವತ್ತು, ಐದು ನಾಳೆ. 'ಆಲ್ ನೈಟ್‌ಮೇರ್ ಲಾಂಗ್' ದಣಿಯದ ಕಿವಿಯಿಂದ ಕೇಳಬೇಕಾದ ಹಾಡು.

2016ರ 'ಹಾರ್ಡ್‌ವೈರ್ಡ್... ಟು ಸೆಲ್ಫ್-ಡಿಸ್ಟ್ರಕ್ಟ್' ಎರಡು ಡಿಸ್ಕ್‌ಗಳದ್ದು, ಎರಡನೆಯದರ ಕೊನೆಯ 'ಸ್ಪಿಟ್ ಔಟ್ ದ ಬೋನ್'ಗಾಗಿ ತಾಳ್ಮೆ ಉಳಿಸಿಕೊಳ್ಳಿ. ಅವಸರವಿದ್ದರೆ ಮೊದಲು ಅದನ್ನೇ ಕೇಳಿ. '72 ಸೀಸನ್ಸ್' 77 ನಿಮಿಷ, ಕೊನೆಗೆ 'ಇನಮೊರಾಟಾ', ಹನ್ನೊಂದು ನಿಮಿಷ ದಾಟುವ, ಈ ಹನ್ನೊಂದು ಆಲ್ಬಂಗಳಲ್ಲೇ ಅತಿ ಉದ್ದದ ಹಾಡು. ನಡುವೆ ಎಲ್ಲ ವಾದ್ಯಗಳೂ ಸರಿದು ಟ್ರುಹಿಯೋ ಬೇಸ್ ಮುಂದಕ್ಕೆ ಬರುತ್ತದೆ. ಹಿಂದಿನ ಹನ್ನೊಂದು ಹಾಡುಗಳ ಬೆನ್ನಿಗೇ ಇದನ್ನು ಕೇಳಿದರೆ ಆ ಭಾಗ ಕಿವಿಗೆ ನಾಟುವುದೇ ಇಲ್ಲ. ಇದೊಂದನ್ನು ಬೇರೆ ದಿನಕ್ಕೆ ಎತ್ತಿಡಿ.