ಕೆರೆ ತುಂಬಿತು, ನೀರು ಕೆಟ್ಟಿತು

ಹಾನಗಲ್ ತಾಲೂಕಿನ ನಮ್ಮೂರಲ್ಲಿ ಕೆರೆ ಅಂದ್ರೆ ಈಗ ಹೊಲ. ತೂಬು ವರ್ಷವಿಡೀ ತೆರೆದೇ ಇರುತ್ತೆ. ಮಳೆ ನೀರು ನಿಲ್ಲದೆ ಹಳ್ಳಕ್ಕೆ ಹೋಗುತ್ತೆ. ಜೊಂಡು ಬೆಳೆಯುತ್ತಿದ್ದ ಕೆರೆ ಅಂಗಳದಲ್ಲಿ ಗೋವಿನಜೋಳ ಹಾಕುತ್ತಾರೆ. ಹೂಳು ಮಣ್ಣು ಅಲ್ವಾ, ಫಸಲು ಚೆನ್ನಾಗಿಯೇ ಬರುತ್ತೆ.

ಹೋದ ಮಳೆಗಾಲದಲ್ಲಿ ವರದಾ ನದಿ ಉಕ್ಕಿತು. ಹಳ್ಳದ ನೀರು ನದಿಗೆ ಸೇರಲಾಗದೆ ಹಿಂದಕ್ಕೆ ಒತ್ತಿ ಕೆರೆ ಅಂಗಳಕ್ಕೆ ನುಗ್ಗಿತು. ಬೆಳೆದು ನಿಂತ ಗೋವಿನಜೋಳ ಮುಳುಗಿತು. 2019ರ ಆಗಸ್ಟ್ ನೆರೆ ಕಂಡಿದ್ದ ನಮಗೆ ಇದು ದೊಡ್ಡದು ಅನಿಸಲಿಲ್ಲ. ಮನೆ ಬೀಳಲಿಲ್ಲ, ದನ ಹೋಗಲಿಲ್ಲ. "ಕೆರಿ ತುಂಬೇತಿ ನೋಡವಾ, ಭಾಳ ವರ್ಷ ಆಗಿತ್ತು" ಅಂತ ಹಿರಿಯರು ಖುಷಿಪಟ್ಟರು.

ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸುತ್ತಾರೆ. ನಮ್ಮೂರ ಐವರಲ್ಲಿ ನಾನೂ ಒಬ್ಬಳು. ಮಳೆ ನಿಂತು ಬಿಸಿಲು ಬಿದ್ದ ಮೇಲೆ ಕೆರೆ ನೀರಿನ ಕೆಸರು ತಳಕ್ಕೆ ಕೂತಿತು. ಆದರೆ ಬಣ್ಣ ಮಾತ್ರ ಚಹಾ ಡಿಕಾಕ್ಷನ್ ಥರ ಕಂದು. ಒಂದು ಬೆಳಿಗ್ಗೆ ಏರಿ ಮೇಲೆ ಹೋದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಒದ್ದಾಡುತ್ತಿದ್ದವು. ಪಕ್ಕದಲ್ಲಿದ್ದ ಹುಡುಗ, "ಅಕ್ಕಾ, ಯಾರರ ಎಣ್ಣಿ ಹಾಕ್ಯಾರೇನ್ರಿ?" ಅಂದ. ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಅಂತಾರೆ.

ನೀರಂಚಿಗೆ ಇಳಿದು ಮುಳುಗಿದ್ದ ಗೋವಿನಜೋಳದ ಒಂದು ದಂಟು ಹಿಡಿದು ಎಳೆದೆ. ಸಿಪ್ಪೆ ಕೈಯಲ್ಲೇ ಸುಲಿದು ಬಂತು. ಒಳಗಿನ ಬೆಂಡು ಲೋಳೆಯಾಗಿತ್ತು. ಬೇರಿಗೆ ಅಂಟಿ ಬಂದ ಮಣ್ಣು ಕಡುಗಪ್ಪು, ಕೊಳೆತ ಮೊಟ್ಟೆಯ ವಾಸನೆ. ಯಾರೂ ವಿಷ ಹಾಕಿರಲಿಲ್ಲ. 25 ಡಿಗ್ರಿ ಬಿಸಿಯಿರುವ ಒಳ್ಳೆಯ ನೀರಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಇರುತ್ತೆ. ಎಲೆ, ದಂಟು ಕೊಳೆಸುವ ಸೂಕ್ಷ್ಮಜೀವಿಗಳು ಆ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. 2ಕ್ಕಿಂತ ಕೆಳಗೆ ಹೋದರೆ ಹೆಚ್ಚಿನ ಮೀನು ಬದುಕೋದು ಕಷ್ಟ. ಜೊಂಡು ಹಾಗಲ್ಲ. ಬೇರಿನವರೆಗೂ ಗಾಳಿ ಇಳಿಸಿಕೊಂಡು ನೀರಲ್ಲೇ ನಿಲ್ಲುತ್ತೆ. ಗೋವಿನಜೋಳಕ್ಕೆ ಆ ಶಕ್ತಿ ಇಲ್ಲ. ಜೊತೆಗೆ ವರ್ಷಗಟ್ಟಲೆ ಹಾಕಿದ ಗೊಬ್ಬರ ಬೇರೆ. ಮಣ್ಣಲ್ಲಿ ಗಾಳಿ ಇರುವವರೆಗೂ ಗೊಬ್ಬರದ ರಂಜಕ (ಫಾಸ್ಫರಸ್) ಮಣ್ಣಿನ ಕಬ್ಬಿಣಕ್ಕೆ ಅಂಟಿಕೊಂಡಿರುತ್ತೆ, ಗಾಳಿ ಹೋದ ಕೂಡಲೇ ಬಿಟ್ಟುಕೊಂಡು ನೀರಿಗೆ ಸೇರುತ್ತೆ. ಮುಂದೆ ಹಸಿರು ಪಾಚಿ ಕಟ್ಟೋದು ಇದರಿಂದಲೇ.

ಕೆರೆಗೆ ಬ್ಲೀಚಿಂಗ್ ಪುಡಿ ಸುರಿಯೋಣ ಅಂತ ಕೆಲವರು ಚೀಲ ತರಿಸಿದ್ದರು. ಬೇಡ ಅಂದೆ. ಅಷ್ಟು ಕೊಳೆ ಇರುವ ನೀರಲ್ಲಿ ಕ್ಲೋರಿನ್ ಕೊಳೆಯ ಜೊತೆಗೇ ಮುಗಿದುಹೋಗುತ್ತೆ, ಉಳಿದ ಮೀನೂ ಸಾಯುತ್ತವೆ.

ನನಗೆ ಹೆದರಿಕೆ ಇದ್ದದ್ದು ಏರಿ ಕೆಳಗಿನ ಬೋರಿನದು. ಕರೆಂಟ್ ಹೋಗಿ ನಳ ನಿಂತಿದ್ದರಿಂದ ಆ ಓಣಿಯವರೆಲ್ಲ ಅದೇ ಕೈಪಂಪಿನ ನೀರು ಕುಡಿಯುತ್ತಿದ್ದರು. ಅದರ ಸಿಮೆಂಟ್ ಕಟ್ಟೆ ಬಿರುಕು ಬಿಟ್ಟಿತ್ತು, ನೆರೆ ನೀರು ಅಲ್ಲಿಯವರೆಗೂ ಬಂದಿತ್ತು. "ನೀರು ತಿಳಿ ಐತಲ್ಲ ತಂಗಿ, ಏನ್ ಪರೀಕ್ಷಾ ಮಾಡ್ತಿ?" ಅಂದರು ಅಲ್ಲಿದ್ದ ಕಾಕಾ. ಕಿಟ್‌ನ ಸಣ್ಣ ಬಾಟಲಿಗೆ ಗೆರೆಯವರೆಗೆ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಅಡುಗೆಮನೆ ಗೂಡಲ್ಲಿ ಬೆಚ್ಚಗೆ ಇಟ್ಟೆ. ಮಲದ ಕಲಬೆರಕೆ ಇದ್ದರೆ ಒಂದೆರಡು ದಿನದಲ್ಲಿ ನೀರು ಕಪ್ಪಾಗಬೇಕು. ಮರುದಿನ ಬೆಳಿಗ್ಗೆ ನೋಡಿದರೆ ಪೂರ್ತಿ ಕಪ್ಪು. ಬಾಟಲಿ ತೋರಿಸಿದೆ. ಕಾಕಾ ಮಾತಾಡದೆ ತುಂಬಿಟ್ಟಿದ್ದ ಕೊಡ ಎತ್ತಿ ಬಚ್ಚಲಿಗೆ ಸುರಿದರು.

ಹಾಗೇ ಕುಡಿಯಬಾರದು ಅನ್ನೋ ಗುರುತಿಗೆ ಪಂಪಿಗೆ ಕೆಂಪು ಬಣ್ಣ ಹಚ್ಚಿದೆವು. ಕುದಿ ಬಂದ ಮೇಲೂ ಒಂದು ನಿಮಿಷ ಬಿಟ್ಟು ಇಳಿಸಿ ಅಂತ ಮನೆಮನೆಗೆ ಹೇಳಿದೆವು. ಕುದಿಸಿದರೆ ರೋಗಾಣು ಸಾಯುತ್ತೆ, ಯೂರಿಯಾದಿಂದ ಬರುವ ನೈಟ್ರೇಟ್ ಹೋಗಲ್ಲ. ಕುಡಿಯುವ ನೀರಲ್ಲಿ ಲೀಟರಿಗೆ 45 ಮಿಲಿಗ್ರಾಂ ಅದರ ಮಿತಿ, ಮೀರಿದರೆ ಹಸುಗೂಸಿಗೆ ಅಪಾಯ. ಅದಕ್ಕೇ ಬಾಟಲಿ ಹಾಲಿನ ಕೂಸು ಇರುವ ಮನೆಗೆ ಬೇರೆ ಕಡೆಯಿಂದ ನೀರು ತರಿಸಿದೆವು. ಕಟ್ಟೆ ರಿಪೇರಿ ಆಯ್ತು. ಬೋರಿಗೆ ಬ್ಲೀಚಿಂಗ್ ದ್ರಾವಣ ಹಾಕಿ, ರಾತ್ರಿಯಿಡೀ ಬಿಟ್ಟು, ವಾಸನೆ ಹೋಗುವವರೆಗೂ ನೀರು ಹೊಡೆದೆವು. ಬಾಟಲಿ ಕಪ್ಪಾಗದೇ ಉಳಿದ ಮೇಲಷ್ಟೇ ಕೆಂಪು ಬಣ್ಣ ಅಳಿಸಿದ್ದು.

ಕೆರೆಯನ್ನು ಬೈಯುವವರು ಈಗಲೂ ಇದ್ದಾರೆ. ಅದರ ತಪ್ಪೇನಿದೆ? ತೂಬು ಮುಚ್ಚಿ ನೀರು ನಿಲ್ಲಿಸಿ, ಅಂಚಿಗೆ ಜೊಂಡು ಬೆಳೆಯಲು ಬಿಡಿ ಅಂತ ಗ್ರಾಮಸಭೆಗೆ ಅರ್ಜಿ ಬರೆದಿದ್ದೇನೆ. ಅಂಗಳದಲ್ಲಿ ಉಳುವ ಮನೆಗಳವರೂ ಕೆಲವರು ಸಹಿ ಹಾಕಿದ್ದಾರೆ. ಉಳಿದವರು ಈ ಫಸಲು ಬರಲಿ ಅಂತಿದ್ದಾರೆ.