ನಾಲ್ಕನೇ ಸ್ಕ್ರೂ

ಜುಲೈ 18, 2024, ಗುರುವಾರ
ಶಿವಮೊಗ್ಗ

ತೀರ್ಥಹಳ್ಳಿ ಮಾವನ ಇನ್ವರ್ಟರ್ ಬೋರ್ಡ್ ವಾಪಸ್ ಬಂದಿದೆ. ಹೋದ ತಿಂಗಳು ನಾನೇ ರಿಪೇರಿ ಮಾಡಿ ಕೂರಿಸಿ ಬಂದಿದ್ದು. ಬ್ಯಾಟರಿ ಲೈನಿಗೆ ಹಾಕಿರುವ ಸೆರಾಮಿಕ್ ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಟ್ಟುಕೊಳ್ಳುವ ಪುಟ್ಟ ಬಿಡಿಭಾಗ, ಶಾರ್ಟ್. ಮೀಟರ್ ಇಟ್ಟ ತಕ್ಷಣ ಬೀಪ್ ಅಂತು.

ಭೂತಗನ್ನಡಿ ಹಿಡಿದು ನೋಡಿದೆ. ತುದಿಯ ಬೆಸುಗೆಯ ಹತ್ತಿರದಿಂದ ಓರೆಯಾಗಿ ಮೇಲಕ್ಕೆ ಒಂದು ಕೂದಲೆಳೆ ಬಿರುಕು. ಆಗ ನೆನಪಾಯಿತು. ಪೆಟ್ಟಿಗೆಯ ಒಂದು ಮೂಲೆ ಸೊಟ್ಟಗಿತ್ತು. ನಾಲ್ಕನೇ ಸ್ಕ್ರೂ ಕೂರಲಿಲ್ಲ. ಹೆಬ್ಬೆರಳಲ್ಲಿ ಬೋರ್ಡ್ ಒತ್ತಿ ಹಿಡಿದು ಬಿಗಿದಿದ್ದೆ.

ಅಂಗಡಿ ಹುಡುಗ ಕೇಳಿದ, "ಅಣ್ಣ, ಬಿರುಕು ಬಿಟ್ರೆ ಕನೆಕ್ಷನ್ ಕಟ್ಟಾಗ್ಬೇಕಲ್ವಾ? ಶಾರ್ಟ್ ಹೇಗಾಯ್ತು?"

ಒಳ್ಳೇ ಪ್ರಶ್ನೆ. "ನಿಮ್ಮಮ್ಮ ಪತ್ರೊಡೆಗೆ ಎಲೆ ಜೋಡಿಸೋದು ನೋಡಿದೀಯಲ್ಲ?" ಅಂದೆ. ಕೆಸುವಿನ ಎಲೆ, ಮೇಲೆ ಹಿಟ್ಟು, ಮತ್ತೆ ಎಲೆ. ಕೆಪಾಸಿಟರ್ ಒಳಗೂ ಹಾಗೇ. ಇಲ್ಲಿ ಹಿಟ್ಟಿನ ಜಾಗದಲ್ಲಿ ಕರೆಂಟ್ ಹರಿಯಲು ಬಿಡದ ಬೇರಿಯಂ ಟೈಟನೇಟ್ ಅನ್ನೋ ಸೆರಾಮಿಕ್, ಎಲೆಯ ಜಾಗದಲ್ಲಿ ನಿಕಲ್. ಮುಂಚೆ ಜಾಸ್ತಿ ಪಲ್ಲೇಡಿಯಂ ಹಾಕುತ್ತಿದ್ದರು, ಅದು ದುಬಾರಿ. ಒಂದು ಎಲೆ ಎಡ ತುದಿಗೆ ಮುಟ್ಟುತ್ತದೆ, ಮುಂದಿನದು ಬಲ ತುದಿಗೆ. ಅಕ್ಕಿ ಕಾಳಿನಷ್ಟು ಚೂರಿನೊಳಗೆ ಇಂಥ ನೂರಾರು ಪದರ ಇರಬಹುದು. ಬಿರುಕು ಎಡದ ಎಲೆ, ಬಲದ ಎಲೆ ಎರಡನ್ನೂ ಸೀಳಿದರೆ ಆ ಸಂದಿಗೆ ತೇವ ಸೇರುತ್ತದೆ. ವೋಲ್ಟೇಜ್ ಇರುವಾಗ ಕರೆಂಟು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ. ಈ ಮಳೆಯಲ್ಲಿ ನಮ್ಮ ಕಡೆ ತೇವಕ್ಕೇನು ಬರ!

ಬಿಲ್ಲಿನ ಹಿಂದೆ ಚಿತ್ರ ಬರೆದು ತೋರಿಸಿದೆ. ಓಪನ್ ಮೋಡ್ ಅಂತ ಒಂದು ಬಗೆಯ ಕೆಪಾಸಿಟರ್ ಬರುತ್ತದೆ. ಅದರಲ್ಲಿ ಎಲೆಗಳನ್ನು ಎದುರು ತುದಿಯಿಂದ ಇನ್ನಷ್ಟು ಹಿಂದಕ್ಕೆ ಎಳೆದಿರುತ್ತಾರೆ. ತುದಿಯ ಲೋಹದ ಟೋಪಿಯೊಳಗೆ ಒಂದೇ ಕಡೆಯ ಎಲೆಗಳು. ಅಲ್ಲಿ ಬಿರುಕು ಬಿಟ್ಟರೆ ಕೆಪಾಸಿಟಿ ಇಳಿಯಬಹುದು, ಎರಡೂ ಕಡೆಯ ಎಲೆಗಳು ಒಂದಕ್ಕೊಂದು ಸೇರುವುದಿಲ್ಲ. ಎಲೆಗಳು ಒಂದರ ಮೇಲೊಂದು ಬರುವ ಜಾಗ ಕಡಿಮೆ, ಹಾಗಾಗಿ ಅದೇ ಸೈಜಿನಲ್ಲಿ ಸಿಗುವ ಕೆಪಾಸಿಟಿ ಕೂಡ ಕಡಿಮೆ. ಆದರೂ ನನಗೆ ಆ ಲೆಕ್ಕ ಇಷ್ಟ. ಎಲ್ಲೋ ಕೂತು ಡಿಸೈನ್ ಮಾಡಿದವರು ಸ್ಕ್ರೂ ಬಿಗಿಯುವ ಕೈಯನ್ನೂ ನೆನೆಸಿಕೊಂಡಿದ್ದಾರೆ.

ಹುಡುಗ ಚಿತ್ರ ಮಡಚಿ ಜೇಬಿಗೆ ಹಾಕಿಕೊಂಡ.

ಸಂಜೆ ಮಾವ ಫೋನ್ ಮಾಡಿದ್ದರು. ಮೂರು ದಿನದಿಂದ ಕರೆಂಟ್ ಇಲ್ಲ. ಅತ್ತೆಗೆ ರಾತ್ರಿ ಉಬ್ಬಸದ ಮಿಷನ್ ಬೇಕು, ಪಕ್ಕದ ಮನೆಗೆ ಕರೆದುಕೊಂಡು ಹೋಗುತ್ತಿದ್ದಾರಂತೆ. "ಬೋರ್ಡು ಮಳೆಗೆ ಹೋಗಿರ್ಬೇಕು ಬಿಡು ಮಾರಾಯ" ಅಂದರು. ನಾನು ಹ್ಞೂಂ ಅಂದುಬಿಟ್ಟೆ.

ಯಾಕೆ ಹಾಗಂದೆ? ನಾಳೆ ಮೊದಲ ಬಸ್ಸಿಗೇ ಹೋಗಬೇಕು. ಹೇಳಬೇಕು. ಆ ಮೂಲೆಗೆ ಒಂದು ವಾಷರ್ ಕೊಟ್ಟರೆ ಸಮ ಆಗುತ್ತದಾ, ಇಲ್ಲಾ ಪೆಟ್ಟಿಗೆಯನ್ನೇ